ಬ್ರೇಕ್ ಮಾಸ್ಟರ್ ಸಿಲಿಂಡರ್ ಬಿಚ್ಚಿ ಹೊಸ ಕಿಟ್ ಹಾಕುವ ಕೆಲಸ: ಸಮಗ್ರ ಮಾರ್ಗದರ್ಶಿ

ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್‌ಗೆ ಒತ್ತಡ ಕೊಡುವ ಭಾಗ) ಬಿಚ್ಚಿ ಹೊಸ ಕಿಟ್, ಅಂದರೆ ಹೊಸ ರಬ್ಬರ್ ಸೀಲ್‌ಗಳನ್ನು ಹಾಕಿದ ಎರಡೇ ವಾರಕ್ಕೆ ನನ್ನ ಹಳೆಯ ಕಾರಿನ ಬ್ರೇಕ್ ಪೆಡಲ್ ಮತ್ತೆ ಇಳಿಯಲು ಶುರುವಾಯಿತು. ರಬ್ಬರ್‌ಗಳೆಲ್ಲ ಹೊಸವು, ಆಯಿಲ್ ಹೊಸದು, ಲೈನ್‌ನಲ್ಲಿ ಸೇರಿದ ಗಾಳಿ, ಅಂದರೆ ಏರ್ ಕೂಡ ಪೂರ್ತಿ ತೆಗೆದಿದ್ದೆ. ಮತ್ತೆ ಬಿಚ್ಚಿ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್ ಕೊಳವೆ) ಒಳಗೆ ಟಾರ್ಚ್ ಬಿಟ್ಟು ನೋಡಿದಾಗ ಕಾರಣ ಸಿಕ್ಕಿತು. ಬೋರ್‌ನ ತಳದಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಗುಳಿ. ತುಕ್ಕು ತಿಂದ ಜಾಗ ಅದು. ಮೊದಲ ಸಲ ಕೊಳೆ ಅಂದುಕೊಂಡು ಒರೆಸಿ ಮುಂದೆ ಹೋಗಿದ್ದೆ. ಆವತ್ತಿನಿಂದ ನಾನು ಮೊದಲು ಬೋರ್ ನೋಡುತ್ತೇನೆ, ಆಮೇಲೆ ಕಿಟ್ ಮಾತು. ನೀವೂ ಹಾಗೇ ಮಾಡಿ.

ಶುರು ಮಾಡುವ ಮೊದಲು ಒಂದು ಮಾತು. ಇದು ಬ್ರೇಕ್ ಕೆಲಸ. ಡ್ರಮ್, ಡಿಸ್ಕ್ ಪ್ಯಾಡ್ ಬದಲಿಸಿ, ಏರ್ ತೆಗೆದು ಅಭ್ಯಾಸ ಇಲ್ಲದವರು ಗೊತ್ತಿರುವವರನ್ನು ಪಕ್ಕದಲ್ಲಿ ಇಟ್ಟುಕೊಂಡೇ ಕೈ ಹಾಕಿ. ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಕೈಗೆ ಸಿಗುವ ಹಾಗಿರಲಿ. ಇಲ್ಲಿ ಹೇಳುವ ಕ್ರಮ ಬಹುತೇಕ ಕಾರು, ಜೀಪು, ಸಣ್ಣ ವ್ಯಾನ್‌ಗಳಿಗೆ ಹೊಂದುತ್ತದೆ. ಆದರೆ ಬಿಗಿ ಎಷ್ಟು, ಗ್ಯಾಪ್ ಎಷ್ಟು ಅನ್ನುವ ಅಳತೆಗೆ ಮ್ಯಾನ್ಯುಯಲ್ಲೇ ಕೊನೆಯ ಮಾತು.

ಒಳಗೆ ಏನಿದೆ

1960ರ ದಶಕದವರೆಗೆ ಬಹುತೇಕ ಗಾಡಿಗಳಲ್ಲಿ ಒಂದೇ ಪಿಸ್ಟನ್ ಇರುತ್ತಿತ್ತು. ಎಲ್ಲೋ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತಿತ್ತು. ಈಗ ಇರುವುದು ಟ್ಯಾಂಡಮ್ ಸಿಲಿಂಡರ್. ಒಂದೇ ಬೋರ್‌ನಲ್ಲಿ ಒಂದರ ಮುಂದೆ ಒಂದು ಎರಡು ಪಿಸ್ಟನ್, ಎರಡು ಬೇರೆ ಬೇರೆ ಲೈನ್. ಒಂದು ಲೈನ್ ಸೋರಿದರೂ ಇನ್ನೊಂದು ಲೈನ್ ಗಾಡಿಯನ್ನು ನಿಲ್ಲಿಸುತ್ತದೆ. ಬೂಸ್ಟರ್ (ವ್ಯಾಕ್ಯೂಮ್‌ನಿಂದ ಕಾಲಿನ ಬಲ ಹೆಚ್ಚಿಸುವ ಭಾಗ) ಕಡೆ ಇರುವುದು ಪ್ರೈಮರಿ ಪಿಸ್ಟನ್, ಮುಚ್ಚಿದ ತುದಿಯ ಕಡೆ ಇರುವುದು ಸೆಕೆಂಡರಿ.

ಮೇಲಿರುವ ಆಯಿಲ್ ಡಬ್ಬಿ, ಅಂದರೆ ರಿಸರ್ವಾಯರ್‌ನಿಂದ ಪ್ರತಿ ಪಿಸ್ಟನ್ ಕಡೆಗೆ ಎರಡು ತೂತು ಇಳಿಯುತ್ತವೆ. ಒಂದು ದೊಡ್ಡದು, ಆಯಿಲ್ ತುಂಬಲು. ಇನ್ನೊಂದು ಸೂಜಿ ತುದಿಯಷ್ಟು ಸಣ್ಣದು. ಇದಕ್ಕೆ ಕಾಂಪೆನ್ಸೇಟಿಂಗ್ ಪೋರ್ಟ್ ಅನ್ನುತ್ತಾರೆ. ಪೆಡಲ್ ಒತ್ತಿದಾಗ ಪಿಸ್ಟನ್‌ನ ರಬ್ಬರ್ ಕಪ್ ಈ ಸಣ್ಣ ತೂತನ್ನು ದಾಟುತ್ತದೆ. ಆ ಕ್ಷಣದಿಂದ ಮುಂದಿನ ಆಯಿಲ್‌ಗೆ ಹಿಂದೆ ಹೋಗಲು ದಾರಿ ಇಲ್ಲ, ಒತ್ತಡ ಏರುತ್ತದೆ. ಪೆಡಲ್ ಬಿಟ್ಟಾಗ ಕಪ್ ಹಿಂದೆ ಬಂದು ತೂತು ತೆರೆಯುತ್ತದೆ, ಹೆಚ್ಚುವರಿ ಆಯಿಲ್ ರಿಸರ್ವಾಯರ್‌ಗೆ ವಾಪಸ್ ಹೋಗುತ್ತದೆ.

ಈ ಸಣ್ಣ ತೂತನ್ನು ಮರೆಯಬೇಡಿ. ಕಸ ಕೂತರೂ, ಊದಿದ ರಬ್ಬರ್ ಅಡ್ಡ ಬಂದರೂ, ಪುಶ್‌ರಾಡ್ (ಬೂಸ್ಟರ್‌ನಿಂದ ಬಂದು ಪಿಸ್ಟನ್ ತಳ್ಳುವ ಸರಳು) ಪಿಸ್ಟನ್ನನ್ನು ಸ್ವಲ್ಪ ಒತ್ತಿ ಹಿಡಿದಿದ್ದರೂ ಇದು ಮುಚ್ಚಿಯೇ ಉಳಿಯುತ್ತದೆ. ಬ್ರೇಕ್ ಬಿಸಿಯಾದಂತೆ ಆಯಿಲ್ ಹಿಗ್ಗುತ್ತದೆ, ಹೋಗಲು ಜಾಗ ಇರುವುದಿಲ್ಲ. ಕಾಲು ಇಡದೆಯೇ ಬ್ರೇಕ್ ಹಿಡಿದುಕೊಳ್ಳುತ್ತಾ ಹೋಗುತ್ತದೆ. ಹತ್ತು ಕಿಲೋಮೀಟರ್ ಓಡಿದ ಮೇಲೆ ಚಕ್ರ ಜಾಮ್ ಆಗಿ, ತಣ್ಣಗಾದ ಮೇಲೆ ಬಿಡುವ ಗಾಡಿಗಳಲ್ಲಿ ನೋಡಬೇಕಾದ ಜಾಗಗಳಲ್ಲಿ ಇದೂ ಒಂದು.

ತಪ್ಪು ನಿಜವಾಗಲೂ ಇಲ್ಲೇ ಇದೆಯಾ?

ಎಂಜಿನ್ ಆಫ್ ಮಾಡಿ. ಪೆಡಲ್ಲನ್ನು ಐದಾರು ಸಲ ಒತ್ತಿ ಬೂಸ್ಟರ್‌ನಲ್ಲಿರುವ ವ್ಯಾಕ್ಯೂಮ್ ಖಾಲಿ ಮಾಡಿ. ಈಗ ಒಂದೇ ಸಮನೆ, ಮಧ್ಯಮ ಬಲದಲ್ಲಿ ಒತ್ತಿ ಹಿಡಿಯಿರಿ. ಪೆಡಲ್ ನಿಧಾನವಾಗಿ ಇಳಿಯುತ್ತಾ ಹೋದರೆ ಆಯಿಲ್ ಎಲ್ಲೋ ದಾರಿ ಮಾಡಿಕೊಳ್ಳುತ್ತಿದೆ. ಹೊರಗೆ ಸೋರುತ್ತಿರಬಹುದು. ಇಲ್ಲವೇ ಕಪ್ ಪಕ್ಕದಿಂದ ಒಳಗೊಳಗೇ ಹಿಂದೆ ಜಾರುತ್ತಿರಬಹುದು. ಎಂಜಿನ್ ಓಡುತ್ತಿರುವಾಗ ಈ ಪರೀಕ್ಷೆ ಮಾಡಿ ಗಾಬರಿ ಆಗಬೇಡಿ. ಬೂಸ್ಟರ್ ಸಹಾಯದಿಂದ ಪೆಡಲ್ ಸ್ವಲ್ಪ ಇಳಿಯುವುದು ಸಹಜ.

ನಾಲ್ಕೂ ಚಕ್ರದ ಒಳಮೈ, ಹೋಸ್‌ಗಳು, ಪೈಪ್ ಜಾಯಿಂಟ್‌ಗಳನ್ನು ನೋಡಿ. ಎಲ್ಲೂ ತೇವ ಇಲ್ಲ, ಆದರೂ ರಿಸರ್ವಾಯರ್ ಮಟ್ಟ ಕಡಿಮೆ ಆಗುತ್ತಿದೆಯೇ? ಮಾಸ್ಟರ್ ಸಿಲಿಂಡರ್ ಬೂಸ್ಟರ್‌ಗೆ ಕೂರುವ ಜಾಗದ ಕೆಳಗೆ ಬೆರಳು ಆಡಿಸಿ. ಅಲ್ಲಿ ತೇವ ಇದ್ದರೆ ಹಿಂದಿನ ಸೀಲ್ ಹೋಗಿದೆ. ಬಣ್ಣ ಎದ್ದಿರುವುದೂ ಅದರ ಗುರುತೇ, ಯಾಕೆಂದರೆ ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಕೆಲವೊಮ್ಮೆ ಹೊರಗೆ ಹನಿಯೂ ಕಾಣದೆ ಎಲ್ಲಾ ಬೂಸ್ಟರ್ ಒಳಗೆ ಸೇರುತ್ತಿರುತ್ತದೆ.

ಇನ್ನೂ ಅನುಮಾನ ಇದ್ದರೆ ಖಚಿತ ಮಾಡಿಕೊಳ್ಳುವ ದಾರಿ ಇದೆ. ಸಿಲಿಂಡರ್‌ನಿಂದ ಹೊರಡುವ ಪೈಪ್‌ಗಳನ್ನು ಬಿಚ್ಚಿ, ಆ ತೂತುಗಳಿಗೆ ಅದೇ ಥ್ರೆಡ್‌ನ ಬ್ಲ್ಯಾಂಕ್ ಪ್ಲಗ್ ಹಾಕಿ ಬಿಗಿ ಮಾಡಿ, ಒಳಗಿನ ಏರ್ ತೆಗೆದು ಪೆಡಲ್ ಒತ್ತಿ. ಕಲ್ಲಿನ ಹಾಗೆ ನಿಂತರೆ ಸಿಲಿಂಡರ್ ಚೆನ್ನಾಗಿದೆ, ಸಮಸ್ಯೆ ಮುಂದೆ ಎಲ್ಲೋ ಇದೆ. ಆಗಲೂ ಇಳಿದರೆ ಬಿಚ್ಚಲೇಬೇಕು.

ಒಂದು ವಿಶೇಷ ಲಕ್ಷಣ ಹೇಳಬೇಕು. ರಿಸರ್ವಾಯರ್ ಮುಚ್ಚಳದ ರಬ್ಬರ್ ಊದಿ, ಸುಕ್ಕು ಸುಕ್ಕಾಗಿ, ವಾಪಸ್ ಕೂರದಂತಾಗಿದ್ದರೆ ಯಾರೋ ಎಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಸುರಿದಿದ್ದಾರೆ. ಪೆಟ್ರೋಲಿಯಂ ಎಣ್ಣೆ ಬಿದ್ದರೆ ಬ್ರೇಕ್ ರಬ್ಬರ್ ಊದಿಕೊಳ್ಳುತ್ತದೆ. ಆಗ ಮಾಸ್ಟರ್ ಕಿಟ್ ಒಂದೇ ಸಾಲದು. ಚಕ್ರದ ಬಳಿ ಬ್ರೇಕ್ ಒತ್ತುವ ಕ್ಯಾಲಿಪರ್, ವೀಲ್ ಸಿಲಿಂಡರ್, ಜೊತೆಗೆ ಹೋಸ್, ಎಲ್ಲದರ ರಬ್ಬರ್ ಬದಲಿಸಿ, ಪೈಪ್‌ಗಳನ್ನು ತೊಳೆಯಬೇಕು. ಕಹಿ ಮಾತು, ಆದರೆ ಇದರಲ್ಲಿ ಅರ್ಧ ಕೆಲಸಕ್ಕೆ ಅರ್ಥ ಇಲ್ಲ.

ಕೈಗೆ ಬೇಕಾದದ್ದು

ಫ್ಲೇರ್ ನಟ್ ಸ್ಪ್ಯಾನರ್ (ಪೈಪ್ ನಟ್ಟನ್ನು ಬಹುತೇಕ ಸುತ್ತಲೂ ಹಿಡಿಯುವ ಸ್ಪ್ಯಾನರ್) ಬೇಕೇ ಬೇಕು. ಸಾಮಾನ್ಯ ಓಪನ್ ಸ್ಪ್ಯಾನರ್ ಹಾಕಿದರೆ ಪೈಪ್ ನಟ್‌ನ ಮೂಲೆ ಉರುಟಾಗುತ್ತದೆ. ಆಮೇಲೆ ಪ್ಲೈಯರ್, ಆಮೇಲೆ ಪೈಪ್ ತಿರುಚಿ ಹೊಸ ಪೈಪ್. ಇದರ ಜೊತೆ ಸರ್ಕ್ಲಿಪ್ (ಪಿಸ್ಟನ್ ಹೊರಬರದಂತೆ ತಡೆಯುವ ಉಂಗುರ) ತೆಗೆಯುವ ಪ್ಲೈಯರ್, ವೈಸ್, ದೊಡ್ಡ ಸಿರಿಂಜ್, ತುದಿ ಉರುಟಾದ ಮರದ ಕೋಲು, ಪಾರದರ್ಶಕ ಟ್ಯೂಬ್, ನೂಲು ಬಿಡದ ಬಟ್ಟೆ, ಒಳ್ಳೆಯ ಟಾರ್ಚ್, ಒಂದು ಬಕೆಟ್ ನೀರು. ನೀರು ಯಾಕೆ ಅಂದರೆ, ಗ್ಲೈಕಾಲ್ ಬ್ರೇಕ್ ಆಯಿಲ್ ನೀರಿನಲ್ಲಿ ಕರಗುತ್ತದೆ. ಪೇಂಟ್ ಮೇಲೆ ಚೆಲ್ಲಿದ ತಕ್ಷಣ ನೀರು ಸುರಿದರೆ ಬಣ್ಣ ಉಳಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ.

ಆಯಿಲ್ ಯಾವುದು ಅನ್ನುವುದು ರಿಸರ್ವಾಯರ್ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಜಾತಿ. ಹೆಸರು ಹತ್ತಿರ ಇದೆ ಅಂತ ಡಾಟ್ 5 ತರಬೇಡಿ, ಅದು ಸಿಲಿಕೋನ್, ಇವುಗಳ ಜೊತೆ ಬೆರೆಸಬಾರದು. ಗ್ಲೈಕಾಲ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದರೆ ಈ ಮಿತಿ 155ಕ್ಕೆ ಇಳಿಯುತ್ತದೆ. ಬೋರ್‌ನಲ್ಲಿ ತುಕ್ಕು ಹುಟ್ಟುವುದೂ ಇದೇ ನೀರಿನಿಂದ. ಹಾಗಾಗಿ ಸೀಲ್ ಒಡೆಯದ ಹೊಸ ಡಬ್ಬಿ ತನ್ನಿ. ಕಳೆದ ವರ್ಷ ಉಳಿದ ಅರ್ಧ ಡಬ್ಬಿ ಬೇಡ.

ಗಾಡಿಯಿಂದ ಇಳಿಸುವುದು

ಗಾಡಿ ಸಮತಟ್ಟು ಜಾಗದಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪೆಡಲ್ ಒತ್ತಿ ವ್ಯಾಕ್ಯೂಮ್ ಖಾಲಿ ಮಾಡಿ. ಸಿಲಿಂಡರ್ ಸುತ್ತ ಇರುವ ಧೂಳನ್ನು ಮುಚ್ಚಳ ತೆಗೆಯುವ ಮೊದಲೇ ಒರೆಸಿಬಿಡಿ.

ಸಿರಿಂಜ್‌ನಿಂದ ಹಳೆಯ ಆಯಿಲ್ ಎಳೆಯಿರಿ. ಲೆವೆಲ್ ಸೆನ್ಸರ್ ವೈರ್ ಬಿಡಿಸಿ. ಕೆಳಗೆ ದಪ್ಪ ಬಟ್ಟೆ ಹಾಸಿ ಪೈಪ್ ನಟ್‌ಗಳನ್ನು ಬಿಡಿಸಿ. ನಟ್ ಜೊತೆ ಪೈಪ್ ಕೂಡ ತಿರುಗುತ್ತಿದೆಯೇ ನೋಡುತ್ತಿರಿ. ತಿರುಗಿದರೆ ನಿಲ್ಲಿಸಿ, ತುಕ್ಕು ಬಿಡಿಸುವ ಆಯಿಲ್ ಹೊಡೆದು ಕಾಯಿರಿ. ಪೈಪ್ ತುದಿಗಳಿಗೆ ತಕ್ಷಣ ರಬ್ಬರ್ ಟೋಪಿ ಹಾಕಿ. ಯಾವ ಪೈಪ್ ಎಲ್ಲಿಗೆ ಅಂತ ಫೋಟೊ ತೆಗೆದುಕೊಳ್ಳಿ.

ಈಗ ಬೂಸ್ಟರ್‌ಗೆ ಹಿಡಿದಿರುವ ಎರಡು ನಟ್ ಬಿಚ್ಚಿ ಸಿಲಿಂಡರನ್ನು ನೇರವಾಗಿ ಮುಂದಕ್ಕೆ ಎಳೆಯಿರಿ. ನಡುವೆ ಓ ರಿಂಗ್ (ರಬ್ಬರ್ ಬಳೆ) ಅಥವಾ ಶಿಮ್ (ತೆಳು ತಗಡು) ಇದ್ದರೆ ಎತ್ತಿಡಿ. ಬೂಸ್ಟರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಆಯಿಲ್ ನಿಂತಿದ್ದರೆ ಎಳೆದು ಒರೆಸಿ. ಬಹಳ ದಿನ ನೆನೆದ ಬೂಸ್ಟರ್ ಡಯಾಫ್ರಾಮ್ ಕೂಡ ಹಾಳಾಗಿರಬಹುದು, ಕೊನೆಯಲ್ಲಿ ಪರೀಕ್ಷಿಸೋಣ.

ಬಿಚ್ಚುವುದು

ಸಿಲಿಂಡರನ್ನು ವೈಸ್‌ಗೆ ಹಾಕುವಾಗ ಬೋಲ್ಟ್ ಕೂರುವ ಫ್ಲ್ಯಾಂಜ್ ಕಿವಿಯಲ್ಲೇ ಹಿಡಿಯಬೇಕು. ಮೈ ಹಿಡಿದು ಬಿಗಿ ಮಾಡಿದರೆ ಬೋರ್ ಆಕಾರ ಕೆಡುತ್ತದೆ. ರಿಸರ್ವಾಯರನ್ನು ಆಚೀಚೆ ಅಲ್ಲಾಡಿಸುತ್ತಾ ಎಳೆದರೆ ಅದು ಕೂತಿರುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್‌ನಿಂದ ಹೊರಬರುತ್ತದೆ. ಕೆಲವದರಲ್ಲಿ ಅಡ್ಡ ಪಿನ್ ಇರುತ್ತದೆ, ಅದನ್ನು ಮೊದಲು ತೆಗೆಯಿರಿ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಮುಂದಿನ ಹೆಜ್ಜೆಯಲ್ಲಿ ಜಾಸ್ತಿ ಜನ ಎಡವುತ್ತಾರೆ. ಸೆಕೆಂಡರಿ ಪಿಸ್ಟನ್ ಹೊರಗೆ ಬರದಂತೆ ಒಂದು ಸ್ಟಾಪ್ ಬೋಲ್ಟ್ ಅಥವಾ ಪಿನ್ ತಡೆದಿರುತ್ತದೆ. ಬೋಲ್ಟ್ ಆದರೆ ಸಾಮಾನ್ಯವಾಗಿ ಸಿಲಿಂಡರ್ ಪಕ್ಕದಲ್ಲೋ ಕೆಳಗೋ, ಪಿನ್ ಆದರೆ ರಿಸರ್ವಾಯರ್ ಗ್ರಾಮೆಟ್ ತೂತಿನ ಒಳಗೆ. ಮರದ ಕೋಲಿನಿಂದ ಪಿಸ್ಟನ್ನನ್ನು ಒಳಗೆ ಪೂರ್ತಿ ತಳ್ಳಿ ಹಿಡಿದು ಆಗ ಸ್ಟಾಪ್ ತೆಗೆಯಬೇಕು. ತಳ್ಳದೆ ತೆಗೆಯಲು ಹೋದರೆ ಸಿಕ್ಕಿಕೊಂಡು ಪಿಸ್ಟನ್‌ಗೆ ಗೀರು ಬೀಳುತ್ತದೆ. ಕೋಲು ಒತ್ತಿ ಹಿಡಿದೇ ಸರ್ಕ್ಲಿಪ್ ತೆಗೆದು, ನಿಧಾನವಾಗಿ ಬಿಡಿ. ಸ್ಪ್ರಿಂಗ್ ತಾನೇ ಪ್ರೈಮರಿ ಪಿಸ್ಟನ್ನನ್ನು ಹೊರಗೆ ತಳ್ಳುತ್ತದೆ.

ಸೆಕೆಂಡರಿ ಪಿಸ್ಟನ್ ಅಷ್ಟು ಸುಲಭಕ್ಕೆ ಬರುವುದಿಲ್ಲ. ಸಿಲಿಂಡರ್ ಬಾಯಿ ಕೆಳಗೆ ಮಾಡಿ ಮರದ ಹಲಗೆ ಮೇಲೆ ತಟ್ಟಿ. ಬರದಿದ್ದರೆ ಬಾಯಿಯನ್ನು ದಪ್ಪ ಬಟ್ಟೆಯ ಕಡೆ ತಿರುಗಿಸಿ, ಮುಂದಿನ ಪೈಪ್ ತೂತಿಗೆ ತುಂಬಾ ಕಡಿಮೆ ಒತ್ತಡದ ಗಾಳಿ ಕೊಡಿ. ಗಾಳಿ ಜಾಸ್ತಿಯಾದರೆ ಪಿಸ್ಟನ್ ಗುಂಡಿನ ಹಾಗೆ ಹಾರುತ್ತದೆ, ಮುಖ ಅಡ್ಡ ಇಡಬೇಡಿ.

ಹೊರಬಂದ ಪ್ರತಿ ಭಾಗವನ್ನು ಬಂದ ಕ್ರಮದಲ್ಲೇ, ಬಂದ ದಿಕ್ಕಿನಲ್ಲೇ ಬಿಳಿ ಬಟ್ಟೆ ಮೇಲೆ ಸಾಲಾಗಿ ಇಡಿ. ಕಪ್‌ನ ತುಟಿ (ತೆರೆದ ಅಂಚು) ಯಾವ ಕಡೆಗಿತ್ತು ಅನ್ನುವುದು ಕಾಣುವ ಹಾಗೆ ಫೋಟೊ ತೆಗೆಯಿರಿ. ಹಳೆಯ ರಬ್ಬರ್ ಈಗಲೇ ಬಿಸಾಡಬೇಡಿ.

ಬೋರ್ ಏನು ಹೇಳುತ್ತದೆ

ತೊಳೆಯಲು ಹೊಸ ಬ್ರೇಕ್ ಆಯಿಲ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಬೇಡವೇ ಬೇಡ. ಒಂದು ಪದರ ಉಳಿದರೂ ಹೊಸ ರಬ್ಬರ್ ಊದುತ್ತದೆ. ಕಾಂಪೆನ್ಸೇಟಿಂಗ್ ಪೋರ್ಟ್ ತೂತಿಗೆ ಗಾಳಿ ಊದಿ, ಬೆಳಕಿಗೆ ಹಿಡಿದು ಆಚೆ ಕಾಣುತ್ತದೆಯೇ ನೋಡಿ. ತಂತಿ ತುರುಕಿ ಕೆರೆಯಬೇಡಿ. ತೂತಿನ ಅಂಚು ಏಳುತ್ತದೆ, ಆ ಅಂಚು ಪ್ರತಿ ಸಲ ಕಪ್ಪನ್ನು ಕೊಯ್ಯುತ್ತದೆ.

ಪೂರ್ತಿ ಒಣಗಿದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಗುಳಿಗಳು ಕಾಣುವುದಿಲ್ಲ. ಮುಖ್ಯವಾಗಿ ತಳಭಾಗ, ಯಾಕೆಂದರೆ ತುಕ್ಕು ಸಾಮಾನ್ಯವಾಗಿ ಅಲ್ಲೇ ಶುರುವಾಗುತ್ತದೆ. ಬೋರ್‌ನ ಆಳದ ಭಾಗವನ್ನೂ ಬಿಡಬೇಡಿ. ದಿನನಿತ್ಯ ಪಿಸ್ಟನ್ ಅಲ್ಲಿಗೆ ಹೋಗುವುದೇ ಇಲ್ಲ, ತುಕ್ಕು ಆರಾಮಾಗಿ ಬೆಳೆದಿರುತ್ತದೆ. ಕೈ ತಲುಪುವ ಕಡೆ ಉಗುರು ಆಡಿಸಿ, ತಲುಪದ ಕಡೆ ಮೃದು ಪ್ಲಾಸ್ಟಿಕ್ ಕಡ್ಡಿ. ಉಗುರು ತಡೆಯುವ ಗೀರು, ಗುಳಿ ಒಂದಿದ್ದರೂ ಆ ಸಿಲಿಂಡರ್‌ಗೆ ಕಿಟ್ ಹಾಕುವುದು ವ್ಯರ್ಥ. ಹೊಸ ಸಿಲಿಂಡರ್ ತನ್ನಿ.

ಹೋನ್ ಮಾಡಬಹುದಾ, ಅಂದರೆ ಉಜ್ಜುಕಲ್ಲಿನಿಂದ ಬೋರ್‌ನ ಒಳಮೈ ನಯ ಮಾಡಬಹುದಾ ಅಂತ ಕೇಳುತ್ತಾರೆ. ಕಬ್ಬಿಣದ ಸಿಲಿಂಡರ್ ಆದರೆ, ಬರೀ ಕಲೆ, ಸಣ್ಣ ಮಂಕು ಇದ್ದರೆ, ಬ್ರೇಕ್ ಆಯಿಲ್ ಹಚ್ಚಿ ಹಗುರವಾಗಿ ಹೋನ್ ಆಡಿಸಬಹುದು. ಆಮೇಲೆ ಚೆನ್ನಾಗಿ ತೊಳೆದು, ಬೋರ್ ಮತ್ತು ಪಿಸ್ಟನ್ ನಡುವಿನ ಸಂದು ಮ್ಯಾನ್ಯುಯಲ್ ಮಿತಿ ದಾಟಿಲ್ಲ ಅಂತ ಫೀಲರ್ ಗೇಜ್‌ನಿಂದ ಅಳೆಯಬೇಕು. ಸಂದು ಜಾಸ್ತಿಯಾದರೆ ಒತ್ತಡಕ್ಕೆ ಕಪ್‌ನ ತುಟಿ ಅದರೊಳಗೆ ಸಿಕ್ಕಿ ಹರಿಯುತ್ತದೆ. ಅಲ್ಯೂಮಿನಿಯಂ ಸಿಲಿಂಡರ್ ಆದರೆ ಹೋನ್, ಎಮರಿ ಪೇಪರ್ ಎರಡೂ ಮುಟ್ಟಿಸಬೇಡಿ. ಬೋರ್ ಮೇಲೆ ಆನೊಡೈಸ್ ಮಾಡಿದ ತೆಳು ಗಟ್ಟಿ ಪದರ ಇರುತ್ತದೆ. ಅದು ಹೋದರೆ ಮೃದು ಲೋಹ ಬೇಗ ಸವೆಯುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಸಿಲಿಂಡರ್‌ಗಳನ್ನು ಸುಮ್ನೆ ಹಾಳು ಮಾಡುತ್ತಾರೆ.

ಇನ್ನೆರಡು ಮಾತು. ಕೆಲವು ಹೊಸ ವಿನ್ಯಾಸಗಳಲ್ಲಿ ಸೀಲ್‌ಗಳು ಸಿಲಿಂಡರ್ ಮೈಯಲ್ಲೇ ಕೂತು ಪಿಸ್ಟನ್ ಅವುಗಳ ನಡುವೆ ಜಾರುತ್ತದೆ. ಅಲ್ಲಿ ಪಿಸ್ಟನ್ ಮೈ ಗೀರಿಲ್ಲದಿರುವುದು ಮುಖ್ಯ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕೆಲವು ಗಾಡಿಗಳಲ್ಲಿ ಸಣ್ಣ ಪೋರ್ಟ್ ಬದಲು ಪಿಸ್ಟನ್ ನಡುವೆ ವಾಲ್ವ್ ಇರುತ್ತದೆ. ಬಿಚ್ಚಬೇಡಿ, ಬದಲಿಸಿ ಅಂತ ತಯಾರಕರೇ ಹೇಳಿದ್ದರೆ ಅದನ್ನೇ ಪಾಲಿಸಿ.

ಹೊಸ ಸಿಲಿಂಡರ್ ತರುವಾಗ ಬೋರ್ ಅಳತೆ ಮೈಮೇಲೆ ಓದಿ. 20 ಮಿ.ಮೀ. ಜಾಗಕ್ಕೆ 22 ಮಿ.ಮೀ. ಹಾಕಿದರೆ ವಿಸ್ತೀರ್ಣ ಶೇ. 21ರಷ್ಟು ಹೆಚ್ಚುತ್ತದೆ. ಅದೇ ಕಾಲಿನ ಬಲಕ್ಕೆ ಒತ್ತಡ ಶೇ. 17ರಷ್ಟು ಇಳಿಯುತ್ತದೆ. ಪೆಡಲ್ ಗಟ್ಟಿ ಅನಿಸುತ್ತದೆ, ಗಾಡಿ ಮಾತ್ರ ಬೇಗ ನಿಲ್ಲುವುದಿಲ್ಲ.

ಜೋಡಿಸುವುದು

ಕೈ ತೊಳೆಯಿರಿ, ಗ್ಲೌಸ್ ಬದಲಿಸಿ. ಹೊಸ ಕಪ್‌ಗಳನ್ನು ಹಳೆಯವುಗಳ ಪಕ್ಕದಲ್ಲಿಟ್ಟು ಅಳತೆ, ಆಕಾರ ಹೋಲಿಸಿ. ಪಿಸ್ಟನ್‌ಗೆ ಏರಿಸುವ ಮೊದಲು ಹೊಸ ಬ್ರೇಕ್ ಆಯಿಲ್‌ನಲ್ಲಿ ಅದ್ದಿ, ಅಥವಾ ಕಿಟ್ ಜೊತೆ ಬಂದ ಗ್ರೀಸ್ ಹಚ್ಚಿ. ಬೇರೆ ಗ್ರೀಸ್ ಬೇಡ. ಏರಿಸಲು ಬೆರಳು ಸಾಕು, ಚೂಪಾದ ಉಪಕರಣ ಬೇಡ.

ದಿಕ್ಕಿನ ನಿಯಮ ಸರಳ. ಕಪ್‌ನ ತುಟಿ ಯಾವಾಗಲೂ ತಾನು ತಡೆಯಬೇಕಾದ ಒತ್ತಡದ ಕಡೆ ಮುಖ ಮಾಡಿರಬೇಕು. ಹಾಗಾಗಿ ಎರಡೂ ಪಿಸ್ಟನ್‌ನ ಮುಂದಿನ ಕಪ್‌ಗಳು ಮುಚ್ಚಿದ ತುದಿಯ ಕಡೆ ನೋಡುತ್ತವೆ. ಆದರೆ ಸಾಮಾನ್ಯ ಟ್ಯಾಂಡಮ್ ಸಿಲಿಂಡರ್‌ನಲ್ಲಿ ಸೆಕೆಂಡರಿ ಪಿಸ್ಟನ್‌ನ ಹಿಂದಿನ ಕಪ್ ತದ್ವಿರುದ್ಧ, ಅಂದರೆ ಬೂಸ್ಟರ್ ಕಡೆ ನೋಡುತ್ತದೆ. ಯಾಕೆಂದರೆ ಅದು ತಡೆಯಬೇಕಾದದ್ದು ಪ್ರೈಮರಿ ಕೋಣೆಯ ಒತ್ತಡವನ್ನು. ಎಲ್ಲಾ ಒಂದೇ ದಿಕ್ಕು ಅಂದುಕೊಂಡು ಇದನ್ನು ಉಲ್ಟಾ ಹಾಕಿದರೆ ಎಷ್ಟು ಏರ್ ತೆಗೆದರೂ ಪೆಡಲ್ ನಿಲ್ಲುವುದಿಲ್ಲ. ಬಿಚ್ಚುವಾಗ ತೆಗೆದ ಫೋಟೊವನ್ನು ಒಮ್ಮೆ ನೋಡಿಕೊಳ್ಳಿ. ಕೆಲವು ಕಿಟ್‌ಗಳಲ್ಲಿ ಪ್ರೈಮರಿ ಪಿಸ್ಟನ್ ಪೂರ್ತಿ ಜೋಡಿಸಿಯೇ ಬರುತ್ತದೆ, ಅದನ್ನು ಬಿಚ್ಚಬೇಡಿ.

ಬೋರ್‌ಗೆ ಧಾರಾಳವಾಗಿ ಆಯಿಲ್ ಹಚ್ಚಿ. ಸ್ಪ್ರಿಂಗ್, ಸೆಕೆಂಡರಿ ಪಿಸ್ಟನ್ ಮೊದಲು. ಸ್ವಲ್ಪ ತಿರುಗಿಸುತ್ತಾ ಒಳಗೆ ಬಿಡಿ. ತುಟಿ ಮಡಚಿಕೊಳ್ಳುವುದು ಬೋರ್‌ನ ಬಾಯಲ್ಲೇ, ಅಲ್ಲಿ ಅವಸರ ಬೇಡ. ತಡೆದರೆ ಒತ್ತಬೇಡಿ, ಹೊರಗೆ ತೆಗೆದು ನೋಡಿ. ಆಮೇಲೆ ಪ್ರೈಮರಿ. ಎರಡನ್ನೂ ಕೋಲಿನಿಂದ ಒಳಗೆ ತಳ್ಳಿ ಹಿಡಿದು ಸ್ಟಾಪ್ ಬೋಲ್ಟ್ ಹೊಸ ವಾಷರ್ ಜೊತೆ ಹಾಕಿ, ಸರ್ಕ್ಲಿಪ್ ಕೂರಿಸಿ. ಸರ್ಕ್ಲಿಪ್ ಸುತ್ತಲೂ ತನ್ನ ತೋಡಿನಲ್ಲಿ ಪೂರ್ತಿ ಕೂತಿದೆಯೇ ಅಂತ ಬೆರಳು ಆಡಿಸಿ ನೋಡಿ. ನಾಲ್ಕೈದು ಸಲ ತಳ್ಳಿ ಬಿಟ್ಟಾಗ ಪಿಸ್ಟನ್ ತಾನೇ ಪೂರ್ತಿ ವಾಪಸ್ ಬರಬೇಕು. ಗ್ರಾಮೆಟ್‌ಗೆ ಆಯಿಲ್ ಹಚ್ಚಿ ರಿಸರ್ವಾಯರ್ ಒತ್ತಿ ಕೂರಿಸಿ.

ವೈಸ್ ಮೇಲೇ ಏರ್ ತೆಗೆಯಿರಿ

ಇದನ್ನು ಬಿಟ್ಟವರು ಆಮೇಲೆ ಗಂಟೆಗಟ್ಟಲೆ ಪೆಡಲ್ ತುಳಿಯುತ್ತಾರೆ. ಪೈಪ್ ತೂತುಗಳಿಗೆ ಟ್ಯೂಬ್ ಹಾಕಿ, ಇನ್ನೊಂದು ತುದಿ ರಿಸರ್ವಾಯರ್ ಆಯಿಲ್‌ನಲ್ಲಿ ಮುಳುಗಿರಲಿ. ಕೋಲಿನಿಂದ ನಿಧಾನವಾಗಿ ಒತ್ತಿ, ನಿಧಾನವಾಗಿ ಬಿಡಿ, ಕೆಲವು ಸೆಕೆಂಡ್ ಕಾಯಿರಿ. ಬೇಗ ಬೇಗ ಮಾಡಿದರೆ ಗುಳ್ಳೆ ಒಡೆದು ನೊರೆಯಾಗಿ ಒಳಗೇ ಉಳಿಯುತ್ತದೆ. ಟ್ಯೂಬ್‌ನಲ್ಲಿ ಒಂದು ಗುಳ್ಳೆಯೂ ಕಾಣದವರೆಗೆ ಬಿಡಬೇಡಿ.

ಮತ್ತೆ ಗಾಡಿಗೆ

ಸಿಲಿಂಡರ್ ಕೂರಿಸುವ ಮೊದಲು ಬೂಸ್ಟರ್ ಪುಶ್‌ರಾಡ್ ಮತ್ತು ಪಿಸ್ಟನ್ ನಡುವಿನ ಸಂದು ನೋಡಿ. ಮ್ಯಾನ್ಯುಯಲ್ ಹೇಳಿದಷ್ಟು ಸಣ್ಣ ಸಂದು ಇರಲೇಬೇಕು. ಸಂದು ಇಲ್ಲದಿದ್ದರೆ ಮೊದಲು ಹೇಳಿದ ಸಣ್ಣ ತೂತು ಮುಚ್ಚಿ ಬ್ರೇಕ್ ಹಿಡಿದುಕೊಳ್ಳುತ್ತದೆ. ಜಾಸ್ತಿಯಾದರೆ ಪೆಡಲ್ ಸುಮ್ಮನೆ ಇಳಿಯುತ್ತದೆ. ಓ ರಿಂಗ್ ಹೊಸದು ಹಾಕಿ.

ಎರಡು ಮೌಂಟಿಂಗ್ ನಟ್ ಸಡಿಲವಾಗಿರುವಾಗಲೇ ಪೈಪ್ ನಟ್‌ಗಳನ್ನು ಬರಿಗೈಯಲ್ಲಿ ಮೂರು ನಾಲ್ಕು ಸುತ್ತು ಹತ್ತಿಸಿ. ಸಿಲಿಂಡರ್ ಸ್ವಲ್ಪ ಅಲ್ಲಾಡಿದರೆ ಥ್ರೆಡ್ ನೇರ ಕೂರುತ್ತದೆ. ಆಮೇಲೆ ಎಲ್ಲಾ ಮ್ಯಾನ್ಯುಯಲ್ ಪ್ರಕಾರ ಬಿಗಿ ಮಾಡಿ.

ಈಗ ಚಕ್ರಗಳ ಏರ್. ಸಾಮಾನ್ಯವಾಗಿ ಸಿಲಿಂಡರ್‌ನಿಂದ ದೂರದ ಚಕ್ರ ಮೊದಲು. ಅಡ್ಡಡ್ಡ ಲೈನ್ (ಒಂದು ಪಕ್ಕದ ಮುಂದಿನ ಚಕ್ರ, ಇನ್ನೊಂದು ಪಕ್ಕದ ಹಿಂದಿನ ಚಕ್ರ ಒಂದೇ ಲೈನ್‌ನಲ್ಲಿ) ಇರುವ ಗಾಡಿಗಳಲ್ಲಿ ಕ್ರಮ ಬೇರೆ ಇರಬಹುದು, ಎಬಿಎಸ್ ಇದ್ದರೆ ಸ್ಕ್ಯಾನರ್ ಬೇಕಾಗಬಹುದು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ (ಏರ್ ಹೊರಬಿಡುವ ಸ್ಕ್ರೂ) ತೆರೆದು ಮುಚ್ಚಬೇಕು. ಮುಚ್ಚಿದೆ ಅಂದ ಮೇಲೆ ಮಾತ್ರ ಕಾಲು ಬಿಡಬೇಕು. ರಿಸರ್ವಾಯರ್ ಖಾಲಿಯಾಗಲು ಬಿಡಬೇಡಿ. ಸಿಲಿಂಡರ್ ಹಳೆಯದಾಗಿದ್ದು ಕಿಟ್ ಮಾತ್ರ ಹೊಸದಾದರೆ ಪೆಡಲ್ ಕೆಳಗೆ ಮರದ ತುಂಡು ಇಡಿ. ಪೂರ್ತಿ ನೆಲಕ್ಕೆ ತುಳಿದರೆ ಕಪ್‌ಗಳು ದಿನನಿತ್ಯ ಹೋಗದ ಒರಟು ಭಾಗದ ಮೇಲೆ ಉಜ್ಜುತ್ತವೆ.

ರಸ್ತೆಗೆ ಇಳಿಯುವ ಮೊದಲು

ಎಂಜಿನ್ ಆಫ್, ವ್ಯಾಕ್ಯೂಮ್ ಖಾಲಿ. ಪೆಡಲ್ ಜೋರಾಗಿ ಒತ್ತಿ 30 ಸೆಕೆಂಡ್ ಹಿಡಿಯಿರಿ, ಒಂದು ಚೂರೂ ಇಳಿಯಬಾರದು. ಹಗುರವಾಗಿ ಒತ್ತಿಯೂ ಹಿಡಿದು ನೋಡಿ. ಜೋರು ಒತ್ತಡಕ್ಕೆ ತುಟಿ ಬೋರ್‌ಗೆ ಅಂಟುವುದರಿಂದ ಕೆಲವು ಸೋರಿಕೆ ಹಗುರ ಒತ್ತಡದಲ್ಲಿ ಮಾತ್ರ ಸಿಗುತ್ತದೆ. ಪೆಡಲ್ ಒತ್ತಿಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿದರೆ ಸ್ವಲ್ಪ ಇಳಿದು ನಿಲ್ಲಬೇಕು, ಆಗ ಬೂಸ್ಟರ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಗಾಡಿ ಎತ್ತಿ, ಬ್ರೇಕ್ ಒತ್ತಿ ಬಿಟ್ಟು, ಪ್ರತಿ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ನೋಡಿ. ಬ್ರೇಕ್ ಲೈಟ್ ನೋಡಿ.

ಖಾಲಿ ಜಾಗದಲ್ಲಿ, ನಡೆಯುವ ವೇಗದಲ್ಲಿ, ಒಂದು ಕೈ ಹ್ಯಾಂಡ್ ಬ್ರೇಕ್ ಮೇಲಿಟ್ಟು ಕೆಲವು ಸಲ ನಿಲ್ಲಿಸಿ. ನಂತರ ಸ್ವಲ್ಪ ವೇಗ. ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ ಇಳಿದು ಚಕ್ರಗಳ ಹತ್ತಿರ ಕೈ ಒಯ್ದು ನೋಡಿ, ಡಿಸ್ಕ್ ಮುಟ್ಟಬೇಡಿ. ಚಕ್ರಗಳು ವಿಪರೀತ ಕಾಯ್ದಿದ್ದರೆ ಪುಶ್‌ರಾಡ್ ಸಂದಿಗೆ ವಾಪಸ್ ಹೋಗಿ. ಮರುದಿನ ಬೆಳಿಗ್ಗೆ ಆಯಿಲ್ ಮಟ್ಟ ನೋಡಿ, ಸಿಲಿಂಡರ್ ಮತ್ತು ಬೂಸ್ಟರ್ ಸೇರುವ ಜಾಗದ ಕೆಳಗೆ ಒಣ ಟಿಶ್ಯೂ ಒತ್ತಿ ತೆಗೆಯಿರಿ. ಒಂದು ವಾರ ಹೀಗೇ ಮಾಡಿ. ನನ್ನ ಕಾರಿಗೆ ಹೊಸ ಸಿಲಿಂಡರ್ ಹಾಕಿದ ಮೇಲೆ ಎರಡು ವಾರ ಪ್ರತಿ ಬೆಳಿಗ್ಗೆ ಟಿಶ್ಯೂ ಒತ್ತಿದೆ, ಒಂದು ದಿನವೂ ಒದ್ದೆ ಆಗಲಿಲ್ಲ.